ಕಡಲ ಬೇಟೆ, ಮದ್ದೂರಿನ ಬುಡ್ಡಿದೀಪ

1943ರ ಅಕ್ಟೋಬರ್ 11ರಂದು ಮಲಬಾರ್ ತೀರದಾಚೆ ‘ಜಲಬಾಲಾ’ ಎಂಬ ಸರಕು ಹಡಗು ಟಾರ್ಪೆಡೊ ಏಟಿಗೆ ಮುಳುಗಿತು. ಅದು ಮುಂಬೈಯ ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯ ಹಡಗು. ಬ್ರಿಟಿಷ್ ಹಡಗು ಕಂಪನಿಗಳಿಗೆ ಸಡ್ಡು ಹೊಡೆದು 1919ರಲ್ಲಿ ಹುಟ್ಟಿದ ಸ್ವದೇಶಿ ಕಂಪನಿಯದು. ಅದರ ಹಡಗುಗಳ ಹೆಸರುಗಳು ಬಹುಪಾಲು ‘ಜಲ’ ಎಂದೇ ಶುರುವಾಗುತ್ತಿದ್ದವು. ಹೊಡೆದದ್ದು ಯು–532 ಎಂಬ ಜರ್ಮನ್ ಜಲಾಂತರ್ಗಾಮಿ. ಜುಲೈನಲ್ಲಿ ಫ್ರಾನ್ಸಿನ ಲೋರಿಯಾಂ ಬಂದರು ಬಿಟ್ಟು, ಆಫ್ರಿಕಾದ ತುದಿ ಬಳಸಿ, ನಡುಗಡಲಲ್ಲಿ ಎಣ್ಣೆ ತುಂಬಿಸಿಕೊಂಡು ನಮ್ಮ ಪಶ್ಚಿಮ ಕರಾವಳಿಯವರೆಗೆ ಬಂದಿತ್ತು. ಬ್ರಿಟಿಷರ ಯುದ್ಧನೌಕೆಗಳನ್ನು ಹುಡುಕಿಕೊಂಡು ಅಷ್ಟು ದೂರ ಬಂದದ್ದಲ್ಲ ಅದು. ಅಕ್ಕಿ, ಕಲ್ಲಿದ್ದಲು, ಎಣ್ಣೆ, ಬಟ್ಟೆ ಹೊತ್ತು ನಿಧಾನವಾಗಿ ಸಾಗುವ ಇಂಥ ಹಡಗುಗಳೇ ಅದಕ್ಕೆ ಬೇಕಿತ್ತು.

ಮದ್ದೂರಿನ ಪಕ್ಕದ ವೈದ್ಯನಾಥಪುರದಲ್ಲಿ, ಶಿಂಷೆಯ ದಡದ ವೈದ್ಯನಾಥೇಶ್ವರನ ಗುಡಿ ಮುಂದೆ ನಿಂತು ಈ ಸಂಗತಿ ಹೇಳಿದರೆ ‘ಎಲ್ಲಿಯ ಕಡಲು, ಎಲ್ಲಿಯ ನಾವು’ ಎಂದಾರು. ಮಂಡ್ಯ ಸೀಮೆಯವರಿಗೆ ನೀರೆಂದರೆ ಕೆಆರ್‌ಎಸ್, ನಾಲೆ, ಕೆರೆ. ಆದರೆ ಎರಡನೇ ಮಹಾಯುದ್ಧದ ವರ್ಷಗಳನ್ನು ಹಳೆಯ ತಲೆಮಾರು ನೆನೆಯುತ್ತಿದ್ದದ್ದು ಹಿಟ್ಲರನ ಹೆಸರಿನಿಂದಲ್ಲ, ‘ಕಂಟ್ರೋಲ್ ಕಾಲ’ ಎಂದು. ಸೀಮೆಎಣ್ಣೆಗೆ ಸಾಲು, ಸಕ್ಕರೆಗೆ ಚೀಟಿ, ಬಟ್ಟೆಗೆ ಚೀಟಿ, ಬೆಳೆದ ಭತ್ತ–ರಾಗಿಗೆ ಲೆವಿ, ಅಂದರೆ ಸರ್ಕಾರದ ಕಡ್ಡಾಯ ಖರೀದಿ. ಯು–532ರಂಥ ನೌಕೆಗಳನ್ನು ಸಾವಿರಾರು ಮೈಲಿ ದೂರ ಕಳಿಸಿದ್ದವರ ಉದ್ದೇಶವೂ ಇಂಥ ಅಭಾವವೇ ಆಗಿತ್ತು. ಜಲಾಂತರ್ಗಾಮಿ ಹೊಡೆಯುವುದು ಹಡಗಿಗಾದರೂ ನೋವಾಗಬೇಕಾದದ್ದು ದಡದಾಚೆ ಬಹುದೂರದ ಉಗ್ರಾಣಕ್ಕೆ. ಕಡಲು ಕಾಣದ ಊರು ಈ ಯುದ್ಧದ ಹೊರಗಿತ್ತು ಎಂದುಕೊಂಡರೆ ಆ ಯುದ್ಧ ನಮಗೆ ಅರ್ಥವೇ ಆಗಿಲ್ಲ.

ಕಾಯುವ ಕೆಲಸ

ಸಿನಿಮಾ ನೋಡಿ ಬೆಳೆದ ನಮ್ಮ ಕಣ್ಣಲ್ಲಿ ಜಲಾಂತರ್ಗಾಮಿ ಎಂದರೆ ಸದಾ ನೀರಿನಡಿಯಲ್ಲೇ ಓಡಾಡುವ ಯಂತ್ರ. ಆ ಕಾಲದ್ದು ಹಾಗಿರಲಿಲ್ಲ. ಬೇಕೆಂದಾಗ ಮುಳುಗಬಲ್ಲ ದೋಣಿ, ಅಷ್ಟೆ. ಯು–532 ಮಾದರಿಯ ನೌಕೆ ನೀರಿನ ಮೇಲೆ ಡೀಸೆಲ್ ಎಂಜಿನ್ನಿನಿಂದ ಗಂಟೆಗೆ 18 ನಾಟಿಕಲ್ ಮೈಲಿ, ಅಂದರೆ ಸುಮಾರು 33 ಕಿಲೋಮೀಟರ್ ಓಡಬಲ್ಲದು. ಮುಳುಗಿದರೆ ಎಂಜಿನ್ ನಿಲ್ಲಿಸಬೇಕು. ಆಮೇಲೆ ಬ್ಯಾಟರಿಯೇ ಗತಿ. ಆಗ ಎಷ್ಟು ತಿಣುಕಿದರೂ 7 ಮೈಲಿ, ಅದೂ ಒಂದು ಗಂಟೆಯಷ್ಟು ಹೊತ್ತು. ಎರಡು ಮೂರು ಮೈಲಿ ವೇಗದಲ್ಲಿ ತೆವಳಿದರೆ ಒಂದು ದಿನ ತಳ್ಳಬಹುದು. ಅಷ್ಟರಲ್ಲಿ ಮೇಲೆ ಬಂದು ಎಂಜಿನ್ ಹಾಕಿ ಬ್ಯಾಟರಿ ತುಂಬಿಸಿಕೊಳ್ಳಲೇಬೇಕು. ಒಳಗಿರುವ ಐವತ್ತು ಮಂದಿಗೂ ಗಾಳಿ ಬೇಕು.

ಹತ್ತು ಮೈಲಿ ವೇಗದ ಮುದಿ ಸರಕು ಹಡಗನ್ನು ಕೂಡ ಮುಳುಗಿದ ಜಲಾಂತರ್ಗಾಮಿ ಅಟ್ಟಿಸಿಕೊಂಡು ಹೋಗಿ ಹಿಡಿಯಲಾರದು ಎಂದಾಯಿತು. ಹೀಗಾಗಿ ಈ ಬೇಟೆಯಲ್ಲಿ ಓಟ ಕಡಿಮೆ, ಕಾಯುವುದು ಜಾಸ್ತಿ. ಸಂತೆಗೆ ಹೋಗುವವರು ಯಾವ ದಾರಿಯಲ್ಲಿ, ಯಾವ ಹೊತ್ತಿಗೆ ಹಾಯುತ್ತಾರೆಂದು ಬಲ್ಲ ಕಳ್ಳ ಊರೂರು ಅಲೆಯುವುದಿಲ್ಲ, ಹಳ್ಳದ ಮಗ್ಗುಲಲ್ಲಿ ಕೂರುತ್ತಾನೆ. ಅರಬ್ಬೀ ಸಮುದ್ರದಲ್ಲಿ ಅಂಥ ಜಾಗಗಳು ಮುಖ್ಯವಾಗಿ ಮೂರು: ಪರ್ಷಿಯಾದ ಎಣ್ಣೆ ಹೊರಬರುವ ಓಮಾನ್ ಕೊಲ್ಲಿ, ಕೆಂಪು ಸಮುದ್ರದ ಬಾಗಿಲಾದ ಏಡನ್ ಕೊಲ್ಲಿ, ಲಕ್ಷದ್ವೀಪದ ಮಿನಿಕಾಯ್ ಆಚೀಚೆಯ ಎಂಟು ಮತ್ತು ಒಂಬತ್ತು ಡಿಗ್ರಿ ಕಾಲುವೆಗಳು. ಕೊಲಂಬೊದಿಂದ ಏಡನ್ನಿಗೆ ಹೋಗುವ ಹಡಗು ಮಿನಿಕಾಯ್ ಬಳಿ ಹಾಯದೆ ವಿಧಿಯಿಲ್ಲ. 1914ರಲ್ಲಿ ಮದರಾಸಿನ ಮೇಲೆ ಗುಂಡು ಹಾರಿಸಿದ ಜರ್ಮನಿಯ ‘ಎಂಡೆನ್’ ಯುದ್ಧನೌಕೆಯೂ ಆಮೇಲೆ ಬಂದು ಕಾದು ಕೂತದ್ದು ಅಲ್ಲೇ. ಅದು ಜಲಾಂತರ್ಗಾಮಿಯಲ್ಲ, ಆದರೆ ಕಸುಬು ಒಂದೇ.

ಆಗಿನ ಬಹಳಷ್ಟು ಹಡಗುಗಳು ಕಲ್ಲಿದ್ದಲು ಉರಿಸುವಂಥವು. ಹಡಗು ಕಾಣುವ ಮೊದಲೇ ಅದರ ಹೊಗೆ ದಿಗಂತದಲ್ಲಿ ಕಾಣುತ್ತದೆ. ಜಲಾಂತರ್ಗಾಮಿಯ ಗೋಪುರದ ಮೇಲೆ ನಾಲ್ಕು ದಿಕ್ಕಿಗೆ ನಾಲ್ವರು ದುರ್ಬೀನು ಹಿಡಿದು ನಿಂತಿರುತ್ತಾರೆ. ಹೊಗೆ ಕಂಡಿತೆಂದು ನುಗ್ಗುವುದಿಲ್ಲ. ಆ ಹಡಗಿನ ಕಂಬದ ತುದಿ ಮಾತ್ರ ಕಾಣುವಷ್ಟು ದೂರ ಉಳಿದು, ನೀರಿನ ಮೇಲೆಯೇ ಗಂಟೆಗಟ್ಟಲೆ ಓಡಿ, ಬಳಸಿ ಅದರ ಮುಂದಕ್ಕೆ ಹೋಗುತ್ತದೆ. ಆಮೇಲೆ ಮುಳುಗಿ, ಪೆರಿಸ್ಕೋಪನ್ನು ಆಗೊಮ್ಮೆ ಈಗೊಮ್ಮೆ ಎತ್ತಿ ಇಳಿಸುತ್ತಾ ಕಾಯುತ್ತದೆ. ಹಡಗಿನ ಕ್ಯಾಪ್ಟನ್ ಏನು ಕಮ್ಮಿಯೇ? ಅವನು ಅಂಕುಡೊಂಕಾಗಿ ಸಾಗುತ್ತಾನೆ. ಕಾದವನ ಲೆಕ್ಕ ಅಷ್ಟರಮಟ್ಟಿಗೆ ತಪ್ಪಬೇಕು.

ಲೆಕ್ಕವೆಂದರೆ ನಿಜವಾದ ಲೆಕ್ಕವೇ. ಜರ್ಮನ್ನರ ವಿದ್ಯುತ್ ಟಾರ್ಪೆಡೊ ಗಂಟೆಗೆ 30 ನಾಟಿಕಲ್ ಮೈಲಿ ವೇಗದ್ದು. ಒಂದು ಕಿಲೋಮೀಟರ್ ದೂರದಿಂದ ಬಿಟ್ಟರೆ ಮುಟ್ಟಲು ಒಂದು ನಿಮಿಷಕ್ಕಿಂತ ತುಸು ಹೆಚ್ಚು ಬೇಕು. ಹತ್ತು ಮೈಲಿ ವೇಗದ ಹಡಗು ಅಷ್ಟರಲ್ಲಿ ಮುನ್ನೂರು ಮೀಟರಿಗೂ ಮುಂದೆ ಸರಿದಿರುತ್ತದೆ. ಅಂದರೆ ಟಾರ್ಪೆಡೊ ಬಿಡಬೇಕಾದದ್ದು ಹಡಗಿನ ಕಡೆಗಲ್ಲ, ಅದರ ಮುಂದಿನ ಖಾಲಿ ನೀರಿಗೆ. ವೇಗ, ದೂರ, ಕೋನ ಮೂರರಲ್ಲಿ ಒಂದು ತಪ್ಪಿದರೂ ಟಾರ್ಪೆಡೊ ದಂಡ. ಹೊತ್ತು ತಂದದ್ದು ಹೆಚ್ಚೆಂದರೆ 22. ಜೊತೆಗೆ ನಮ್ಮ ಸೆಕೆ. ಜರ್ಮನಿಯ ಚಳಿಗೆಂದು ಕಟ್ಟಿದ ಉಕ್ಕಿನ ಕೊಳವೆಯೊಳಗೆ ಉಷ್ಣತೆ 40 ಡಿಗ್ರಿ ಮುಟ್ಟುತ್ತಿತ್ತು. ತಿಂಗಳುಗಟ್ಟಲೆ ಆ ಬಿಸಿಯಲ್ಲಿ ಬಿದ್ದ ಟಾರ್ಪೆಡೊಗಳ ಬ್ಯಾಟರಿ ಸೊರಗಿ, ಈ ಕಡಲಿಗೆ ಬಂದ ಕೆಲವು ನೌಕೆಗಳ ಏಟುಗಳು ಗುರಿ ಮುಟ್ಟಲೇ ಇಲ್ಲ.

ಈ ನೌಕೆಗಳ ಗುಂಪಿಗೆ ಜರ್ಮನ್ ನೌಕಾಪಡೆಯ ಮುಖ್ಯಸ್ಥ ಡೋನಿಟ್ಸ್ ಕೊಟ್ಟ ಹೆಸರು ‘ಮಾನ್ಸೂನ್’. ನಮ್ಮ ಮುಂಗಾರಿನ ಅಬ್ಬರ ಇಳಿಯುವ ಸೆಪ್ಟೆಂಬರಿಗೆ ಸರಿಯಾಗಿ ಹೊಡೆತ ಶುರುವಾಗಬೇಕೆಂದು ಅವನ ಯೋಜನೆ. ಜೂನ್, ಜುಲೈಗಳ ಅರಬ್ಬೀ ಸಮುದ್ರದಲ್ಲಿ ಪೆರಿಸ್ಕೋಪ್ ಎತ್ತಿದರೆ ಕಾಣುವುದು ಅಲೆಯ ಮೈ ಮಾತ್ರ. ಟಾರ್ಪೆಡೊವೂ ಹೇಳಿದ ಆಳದಲ್ಲಿ ಓಡುವುದಿಲ್ಲ. ಈ ಸಲ ಕಟ್ಟೆ ತುಂಬೀತೇ ಎಂದು ಮಂಡ್ಯದ ರೈತ ಮುಗಿಲು ನೋಡುತ್ತಿದ್ದ ದಿನಗಳಲ್ಲೇ ಬರ್ಲಿನ್ನಿನಲ್ಲೂ ಅದೇ ಮುಂಗಾರಿನ ಎಣಿಕೆ ನಡೆದಿತ್ತು ಎನ್ನುವುದು ನನಗಂತೂ ಇಡೀ ಕತೆಯಲ್ಲಿ ಮಜಾ ಕೊಡುವ ಸಂಗತಿ.

ಎಣಿಕೆ ಫಲಿಸಲಿಲ್ಲ. ಹೊರಟವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಟ್ಲಾಂಟಿಕ್ಕಿನಲ್ಲೇ ಮುಳುಗಿದವು ಇಲ್ಲವೇ ಹಿಂದಿರುಗಿದವು. ಹಿಂದೂ ಮಹಾಸಾಗರ ಮುಟ್ಟಿದವು ಐದು. ಅದರಲ್ಲಿ ಯು–533ನ್ನು ಜಲಬಾಲಾ ಮುಳುಗಿದ ಐದೇ ದಿನಕ್ಕೆ ಓಮಾನ್ ಕೊಲ್ಲಿಯಲ್ಲಿ ಬ್ರಿಟಿಷ್ ವಿಮಾನವೊಂದು ಹೊಡೆಯಿತು. ಬದುಕಿದವನು ಒಬ್ಬನೇ, 28 ಗಂಟೆ ಈಜಿ ದಡ ಸೇರಿದ. ಉಳಿದ ನಾಲ್ಕು ಜಪಾನಿನ ಹಿಡಿತದಲ್ಲಿದ್ದ ಪೆನಾಂಗ್ ಬಂದರು ಸೇರಿದವು. ಅವುಗಳಿಗೆ ಕಡಲ ಮಧ್ಯೆ ಎಣ್ಣೆ ಉಣಿಸುತ್ತಿದ್ದ ‘ಶಾರ್ಲೊಟ್ಟೆ ಶ್ಲೀಮನ್’, ‘ಬ್ರಾಕೆ’ ಹಡಗುಗಳನ್ನು ಬ್ರಿಟಿಷರು ಗುಪ್ತಸಂಕೇತ ಒಡೆದು ಪತ್ತೆಹಚ್ಚಿ 1944ರ ಫೆಬ್ರವರಿ, ಮಾರ್ಚ್‌ನಲ್ಲಿ ಮುಳುಗಿಸಿದ ಮೇಲೆ ಬೇಟೆಯ ಕಾಲು ಮುರಿಯಿತು. ಯು–532ರ ಕೊನೆ ಇನ್ನೂ ವಿಚಿತ್ರ. 1945ರಲ್ಲಿ ಅದು ತವರ, ರಬ್ಬರ್, ಟಂಗ್‌ಸ್ಟನ್ ಅದಿರು, ಕ್ವಿನೈನ್ ತುಂಬಿಕೊಂಡು ಯುರೋಪಿಗೆ ಹೊರಟಿತ್ತು. ಮೇ ತಿಂಗಳಲ್ಲಿ ಯುದ್ಧ ಮುಗಿದು ಬ್ರಿಟನ್ನಿಗೆ ಶರಣಾಯಿತು. ಸರಕು ಹಡಗು ಬೇಟೆಯಾಡಲು ಬಂದದ್ದು ತಾನೇ ಸರಕು ಹಡಗಾಗಿ, ಮಾಲನ್ನು ಶತ್ರುವಿನ ಕೈಗೇ ಮುಟ್ಟಿಸಿತು.

ಎರಡು ಮುಖದ ಐ–29

ಜರ್ಮನ್ನರು ಬರುವುದಕ್ಕೆ ಮೊದಲೇ ನಮ್ಮ ಕಡಲುಗಳಲ್ಲಿ ಜಪಾನೀಯರಿದ್ದರು. 1942ರ ಜನವರಿ ಕೊನೆಯಲ್ಲಿ ಅವರ ಐ–64 ಎಂಬ ನೌಕೆ ಬಂಗಾಳ ಕೊಲ್ಲಿಯಲ್ಲಿ ಸಿಂಧಿಯಾ ಕಂಪನಿಯದೇ ‘ಜಲತರಂಗ’, ‘ಜಲಪಾಲಕ’ಗಳನ್ನು ಒಂದರ ಹಿಂದೊಂದು ಮುಳುಗಿಸಿತು. ಏಪ್ರಿಲ್‌ನಲ್ಲಿ ಜಪಾನಿನ ವಿಮಾನವಾಹಕ ನೌಕೆಗಳು ಕೊಲಂಬೊ, ತ್ರಿಂಕೋಮಲೆಗಳ ಮೇಲೆ ಬಾಂಬು ಹಾಕಿದವು. ಇನ್ನೊಂದು ದಂಡು ಬಂಗಾಳ ಕೊಲ್ಲಿಯಲ್ಲಿ ಸಿಕ್ಕಸಿಕ್ಕ ಸರಕು ಹಡಗು ಹೊಡೆಯಿತು. ಮದರಾಸು ಪಟ್ಟಣ ಅರ್ಧ ಖಾಲಿಯಾದದ್ದು ಆಗಲೇ. ಅದೇ ವಾರ ಪಶ್ಚಿಮದ ಕಡೆ, ಮಾಲ್ಡೀವ್ಸ್‌ನಿಂದ ಮುಂಬೈವರೆಗಿನ ನೀರಿನಲ್ಲಿ, ಜಪಾನಿನ ಜಲಾಂತರ್ಗಾಮಿಗಳು ‘ಕ್ಲಾನ್ ರಾಸ್’, ‘ಗ್ಲೆನ್‌ಶೀಲ್’, ‘ಬಹಾದೂರ್’, ‘ಫುಲ್ತಾಲಾ’ಗಳನ್ನು ಮುಳುಗಿಸಿದವು. ಕಾವಲಿಗೆ ಹೋಗಬೇಕಾದ ಬೆಂಗಾವಲು ನೌಕೆಗಳೆಲ್ಲ ಅಟ್ಲಾಂಟಿಕ್ ಮತ್ತು ಮೆಡಿಟರೇನಿಯನ್ನಿನಲ್ಲಿ ಸಿಕ್ಕಿಹಾಕಿಕೊಂಡಿದ್ದವು. ಇಲ್ಲಿನ ಹಡಗುಗಳು ಬಹುಪಾಲು ಒಂಟಿಯಾಗಿಯೇ ಓಡಾಡಬೇಕಿತ್ತು.

ಜಪಾನಿನ ಐ–29 ಹೆಸರನ್ನು ನಮ್ಮಲ್ಲಿ ಬಲ್ಲವರು ನೇತಾಜಿಯ ನೆನಪಿನಿಂದ ಬಲ್ಲರು. ಸುಭಾಷ್‌ಚಂದ್ರ ಬೋಸರು 1943ರ ಫೆಬ್ರವರಿ 9ರಂದು ಜರ್ಮನಿಯ ಕೀಲ್ ಬಂದರಿನಲ್ಲಿ ಯು–180 ಹತ್ತಿದರು. ಜೊತೆಗೆ ಆಬಿದ್ ಹಸನ್. ಎರಡೂವರೆ ತಿಂಗಳು ಡೀಸೆಲ್ ವಾಸನೆಯ ಆ ಕೊಳವೆಯಲ್ಲಿ ಪಯಣ. ಏಪ್ರಿಲ್ ಕೊನೆಯಲ್ಲಿ ಮಡಗಾಸ್ಕರ್‌ನಾಚೆ ಯು–180 ಮತ್ತು ಐ–29 ಭೇಟಿಯಾದವು. ಕಡಲು ಕುದಿಯುತ್ತಿತ್ತು. ರಬ್ಬರ್ ದೋಣಿಯಲ್ಲಿ ಇಬ್ಬರೂ ತೊಯ್ದು ತೊಪ್ಪೆಯಾಗಿ ಒಂದರಿಂದ ಇನ್ನೊಂದಕ್ಕೆ ದಾಟಿದರು. ಇಷ್ಟನ್ನು ಪಠ್ಯಪುಸ್ತಕಗಳೂ ಹೇಳುತ್ತವೆ. ಅವು ಹೇಳದ ಎರಡು ಸಂಗತಿಗಳಿವೆ.

ಒಂದು, ಆ ಪಯಣದ ನಡುವೆಯೇ ಏಪ್ರಿಲ್ 18ರಂದು ದಕ್ಷಿಣ ಆಫ್ರಿಕಾದಾಚೆ ಯು–180 ‘ಕಾರ್ಬಿಸ್’ ಎಂಬ ಬ್ರಿಟಿಷ್ ಎಣ್ಣೆ ಹಡಗನ್ನು ಹೊಡೆದು ಮುಳುಗಿಸಿತು. ಅಂದರೆ ನಮ್ಮ ನೇತಾಜಿ ವ್ಯಾಪಾರಿ ಹಡಗಿನ ಬೇಟೆಯೊಂದನ್ನು ಬೇಟೆಗಾರನ ಹೊಟ್ಟೆಯೊಳಗೆ ಕೂತು ಕಂಡವರು. ಅತಿಥಿ ಇದ್ದಾನೆಂದು ನೌಕೆ ತನ್ನ ಕಸುಬು ಬಿಡಲಿಲ್ಲ.

ಎರಡನೆಯದು ಹೇಳಲು ಬಾಯಿ ಹಿಡಿಯುವಂಥದು. ನೇತಾಜಿಯನ್ನು ಹತ್ತಿಸಿಕೊಂಡ ಇದೇ ಐ–29, ಇದೇ ಕ್ಯಾಪ್ಟನ್ ಇಝು ಜುಯಿಚಿಯ ಕೈಯಲ್ಲಿ, ಅದಕ್ಕೆ ಐದು ತಿಂಗಳ ಹಿಂದೆ ‘ತಿಲಾವಾ’ ಹಡಗನ್ನು ಮುಳುಗಿಸಿತ್ತು. ತಿಲಾವಾ 1942ರ ನವೆಂಬರ್ 20ರಂದು ಮುಂಬೈ ಬಿಟ್ಟು ಮೊಂಬಾಸಾ, ಡರ್ಬನ್ ಕಡೆಗೆ ಹೊರಟ ಪ್ರಯಾಣಿಕರ ಹಡಗು. ಒಟ್ಟು 958 ಮಂದಿ, ಪ್ರಯಾಣಿಕರಲ್ಲಿ ಬಹುಪಾಲು ಭಾರತೀಯರು. ಆಫ್ರಿಕಾದಲ್ಲಿ ಅಂಗಡಿ, ನೌಕರಿ ಇದ್ದ ಸಂಸಾರಗಳು. 23ರ ನಸುಕಿನ ಎರಡು ಗಂಟೆ ಹೊತ್ತಿಗೆ ಮೊದಲ ಟಾರ್ಪೆಡೊ. ಜನ ಕತ್ತಲಲ್ಲೇ ದೋಣಿಗಿಳಿದರು. ಹಡಗು ತಕ್ಷಣ ಮುಳುಗಲಿಲ್ಲವೆಂದು ಕೆಲವರು ಮತ್ತೆ ಹತ್ತಿದರು. ಆಗ ಎರಡನೆಯದು ಬಡಿಯಿತು. 280 ಮಂದಿ ಸತ್ತರು. ‘ಬರ್ಮಿಂಗ್‌ಹ್ಯಾಮ್’ ಯುದ್ಧನೌಕೆ ಬಂದು ಹೆಚ್ಚಿನವರನ್ನು ಎತ್ತಿ 27ಕ್ಕೆ ಮುಂಬೈಗೆ ತಂದಿತು.

ಒಂದೇ ನೌಕೆ ನಮಗೆ ಬಿಡುಗಡೆಯ ನಾಯಕನನ್ನು ದಾಟಿಸಿದ್ದು, ನಮ್ಮವರನ್ನೇ ನೀರುಪಾಲು ಮಾಡಿದ್ದು ಎರಡೂ ನಿಜ. ಇವೆರಡನ್ನೂ ಒಟ್ಟಿಗೆ ಹೇಳುವ ರೂಢಿ ನಮ್ಮಲ್ಲಿಲ್ಲ. ಹೇಳಿದರೆ ನೇತಾಜಿಗೆ ಕುಂದು ಬಂದೀತೆಂಬ ಅಳುಕಿರಬೇಕು. ಅವರಿಗೆ ಬೇರೆ ದಾರಿಯಿರಲಿಲ್ಲ ಎನ್ನುವುದನ್ನು ಒಪ್ಪುತ್ತಲೇ ತಿಲಾವಾದ ಸತ್ತವರನ್ನೂ ನೆನೆಯಬಹುದು. ಐ–29ನ್ನು 1944ರ ಜುಲೈ 26ರಂದು ಲುಝಾನ್ ಬಳಿ ಅಮೆರಿಕದ ‘ಸಾಫಿಶ್’ ಜಲಾಂತರ್ಗಾಮಿ ಹೊಡೆದು ಮುಳುಗಿಸಿತು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಜಪಾನಿನ ಜಲಾಂತರ್ಗಾಮಿಗಳು ದೊಡ್ಡವು, ಗಟ್ಟಿಯವು. ಐ–29ರ ಉದ್ದ 108 ಮೀಟರ್. ಅದರ ಮೇಲೆ ಮಡಚಿಟ್ಟ ಪುಟ್ಟ ವಿಮಾನವೇ ಇತ್ತು. ಅವರ ಟಾರ್ಪೆಡೊಗಳು ಆಗಿನ ಕಾಲಕ್ಕೆ ಶ್ರೇಷ್ಠ. ಆದರೂ ಜಪಾನಿನ ಅಡ್ಮಿರಲ್‌ಗಳಿಗೆ ಸರಕು ಹಡಗು ಹೊಡೆಯುವುದು ಕೀಳು ಕೆಲಸವೆನಿಸಿತ್ತು. ಯುದ್ಧನೌಕೆ ಹೊಡೆದರಷ್ಟೇ ಮಾನ. ಅಮೆರಿಕನ್ನರು ಆ ಬಿಂಕ ಇಟ್ಟುಕೊಳ್ಳಲಿಲ್ಲ. ಯುದ್ಧದಲ್ಲಿ ಜಪಾನ್ ಕಳೆದುಕೊಂಡ ವ್ಯಾಪಾರಿ ಹಡಗುಗಳಲ್ಲಿ ಅರ್ಧಕ್ಕೂ ಹೆಚ್ಚನ್ನು ಮುಳುಗಿಸಿದ್ದು ಅಮೆರಿಕದ ಜಲಾಂತರ್ಗಾಮಿಗಳೇ. ಎಣ್ಣೆಯಿಲ್ಲದೆ, ಅಕ್ಕಿಯಿಲ್ಲದೆ ಆ ದೇಶ ಒಳಗಿನಿಂದಲೇ ಸೊರಗಿತು. ಐ–29ರಂಥ ನೌಕೆಗಳೆಲ್ಲ ಅರಬ್ಬೀ ಸಮುದ್ರದಲ್ಲಿ ವರ್ಷವಿಡೀ ಕೂತಿದ್ದರೆ ನಮ್ಮ ಕಂಟ್ರೋಲ್ ಕಾಲ ಏನಾಗುತ್ತಿತ್ತೋ.

ಸೀಮೆಎಣ್ಣೆ, ಸಕ್ಕರೆ, ರೇಷ್ಮೆ

ಮದ್ದೂರು–ಮಳವಳ್ಳಿಯ ಹಳ್ಳಿಗಳ ಬುಡ್ಡಿದೀಪಕ್ಕೂ ಬರ್ಮಾಕ್ಕೂ ಇದ್ದ ನಂಟು ನೇರವಾದದ್ದು. ಆಗ ಭಾರತಕ್ಕೆ ಬರುತ್ತಿದ್ದ ಸೀಮೆಎಣ್ಣೆಯ ದೊಡ್ಡ ಪಾಲು ಬರ್ಮಾದ್ದು. 1942ರ ಮಾರ್ಚ್ 8ರಂದು ರಂಗೂನ್ ಬಿತ್ತು. ಏಪ್ರಿಲ್‌ನಲ್ಲಿ ಹಿಮ್ಮೆಟ್ಟುವ ಬ್ರಿಟಿಷರೇ ಯೆನಾಂಗ್‌ಯಾಂಗ್‌ನ ಎಣ್ಣೆಬಾವಿಗಳನ್ನು ಹಾಳುಗೆಡವಿದರು. ಅಲ್ಲಿಂದಾಚೆಗೆ ಎಣ್ಣೆ ಬರಬೇಕಾದದ್ದು ಪರ್ಷಿಯಾದ ಅಬಾದಾನಿನಿಂದ, ಓಮಾನ್ ಕೊಲ್ಲಿ ಹಾದು, ಬೇಟೆಯ ಕಡಲ ನಡುವೆಯೇ. ಬಂದದ್ದರಲ್ಲೂ ಮೊದಲ ಪಾಲು ಸೈನ್ಯಕ್ಕೆ. ಹಳ್ಳಿಗಳು ಮತ್ತೆ ಹೊಂಗೆ ಎಣ್ಣೆ, ಹರಳೆಣ್ಣೆಯ ಹಣತೆಗೆ ಹಿಂದಿರುಗಿದವು. ಪೆಟ್ರೋಲಿಲ್ಲದ ಬಸ್ಸುಗಳ ಬೆನ್ನಿಗೆ ಇದ್ದಿಲು ಉರಿಸುವ ಡ್ರಮ್ಮು ಕಟ್ಟಿ ಅದರ ಹೊಗೆಯಲ್ಲೇ ಓಡಿಸಿದರು. ಏರು ಬಂದರೆ ಪ್ರಯಾಣಿಕರೇ ಇಳಿದು ನೂಕುತ್ತಿದ್ದದ್ದನ್ನು ಹಳೇ ಮೈಸೂರಿನ ಎಷ್ಟೋ ಹಿರಿಯರು ನಗುತ್ತಾ ಹೇಳಿದ್ದಾರೆ.

ಅಕ್ಕಿಯದೂ ಇದೇ ಪಾಡು. ಬರ್ಮಾದಿಂದ ವರ್ಷಕ್ಕೆ ಹತ್ತು ಹದಿನೈದು ಲಕ್ಷ ಟನ್ ಅಕ್ಕಿ ಭಾರತಕ್ಕೆ ಬರುತ್ತಿತ್ತು. ದೇಶದ ಒಟ್ಟು ಊಟದಲ್ಲಿ ಅದು ಸಣ್ಣ ಪಾಲೇ. ಆದರೆ ತಿರುವಾಂಕೂರು, ಕೊಚ್ಚಿ, ಮಲಬಾರುಗಳ ತಟ್ಟೆಯಲ್ಲಿ ದೊಡ್ಡ ಪಾಲು. ಅದು ನಿಂತಾಗ ಒಳನಾಡಿನ ಭತ್ತದ ಮೇಲೆ ಎಲ್ಲರ ಕಣ್ಣು ಬಿತ್ತು. ವಿಶ್ವೇಶ್ವರಯ್ಯ ನಾಲೆ (ಆಗ ಇರ್ವಿನ್ ನಾಲೆ) ಬಂದು ಹತ್ತಿಪ್ಪತ್ತು ವರ್ಷ ಕೂಡ ಆಗಿರಲಿಲ್ಲ. ಹೊಸದಾಗಿ ಗದ್ದೆ ಕಂಡ ಮಂಡ್ಯ ಸೀಮೆಗೆ ಅಧಿಕಾರಿಗಳು ಲೆವಿ ಪಟ್ಟಿ ಹಿಡಿದು ಬಂದರು. ಇದರ ಜೊತೆಗೆ ರೈಲು. ಕಲ್ಕತ್ತೆಯ ಕಲ್ಲಿದ್ದಲಿನಂಥ ಭಾರದ ಸರಕು ಯುದ್ಧಕ್ಕೆ ಮೊದಲು ಹಡಗಿನಲ್ಲಿ ಕರಾವಳಿ ಸುತ್ತಿ ಬರುತ್ತಿತ್ತು. ಕಡಲು ಅಪಾಯವಾದಾಗ ಅದೆಲ್ಲ ರೈಲಿನ ತಲೆಗೆ ಬಿತ್ತು. ವ್ಯಾಗನ್ನೇ ಸಿಗದೆ ಮಾಲು ಸ್ಟೇಷನ್ನುಗಳಲ್ಲಿ ಕೊಳೆಯಿತು. ಒಂದೂ ಟಾರ್ಪೆಡೊ ಬಿಡದೆಯೇ ಜಲಾಂತರ್ಗಾಮಿ ಮಾಡುವ ಹಾನಿ ಇದು: ಅದು ಇರಬಹುದೆಂಬ ಗುಮಾನಿ ಸಾಕು, ಹಡಗು ಬಂದರಿನಲ್ಲೇ ನಿಲ್ಲುತ್ತದೆ, ವಿಮೆ ಏರುತ್ತದೆ, ಸುತ್ತುದಾರಿ ಹಿಡಿದ ಹಡಗು ವಾರಗಟ್ಟಲೆ ತಡವಾಗುತ್ತದೆ.

ಆದರೆ ಕಡಲು ಮುಚ್ಚಿದಾಗ ಎಲ್ಲರಿಗೂ ನಷ್ಟವೇ ಆಗುವುದಿಲ್ಲ. ಸಕ್ಕರೆ ನೋಡಿ. 1930ರ ಸುಮಾರಿಗೆ ಭಾರತ ಜಾವಾದಿಂದ ಲಕ್ಷಗಟ್ಟಲೆ ಟನ್ ಸಕ್ಕರೆ ತರಿಸುತ್ತಿತ್ತು. 1932ರಲ್ಲಿ ದೇಶೀ ಸಕ್ಕರೆಗೆ ರಕ್ಷಣಾ ಸುಂಕ ಬಂತು. ಮರುವರ್ಷ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. 1942ರ ಮಾರ್ಚ್‌ನಲ್ಲಿ ಜಾವಾ ಜಪಾನೀಯರ ಕೈಗೆ ಬಿದ್ದಾಗ ಸಕ್ಕರೆಗೆ ಚೀಟಿ ಬಂತೇ ಹೊರತು ಸಕ್ಕರೆಯೇ ಇಲ್ಲವಾಗಲಿಲ್ಲ. ಹತ್ತು ವರ್ಷ ತಡವಾಗಿ ಆ ಕಾರ್ಖಾನೆಗಳು ಬಂದಿದ್ದರೆ ಕಾಫಿಗೆ ಬೆಲ್ಲವೇ ಗತಿಯಾಗುತ್ತಿತ್ತು. (ಬೆಲ್ಲದ ಕಾಫಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ಮದ್ದೂರಿನಲ್ಲಿ ನಿಂತು ಹೇಳುವ ಧೈರ್ಯವೂ ಇಲ್ಲ.)

ರೇಷ್ಮೆಗಂತೂ ಯುದ್ಧ ಚಿನ್ನದ ಕಾಲ. ಅದಕ್ಕೆ ಮೊದಲು ಜಪಾನ್, ಚೀನಾದ ಅಗ್ಗದ ರೇಷ್ಮೆ ಹಡಗಿನಲ್ಲಿ ಬಂದು ಮೈಸೂರು ರೇಷ್ಮೆಯ ಕತ್ತು ಹಿಸುಕುತ್ತಿತ್ತು. 1941ರ ಕೊನೆಗೆ ಅದು ಪೂರ್ತಿ ನಿಂತಿತು. ಅದೇ ಹೊತ್ತಿಗೆ ಪ್ಯಾರಾಚೂಟಿಗೆ ರೇಷ್ಮೆ ಬೇಕೆಂದು ಸೈನ್ಯ ಬಾಗಿಲಿಗೆ ಬಂತು. ಮೈಸೂರು ಸಂಸ್ಥಾನದ ರೇಷ್ಮೆ ಸೀಮೆಯಲ್ಲೆಲ್ಲ ಹಿಪ್ಪುನೇರಳೆ ತೋಟ ಹಬ್ಬಿತು, ನೂಲು ತೆಗೆಯುವ ಫಿಲೇಚರುಗಳು ಎದ್ದವು. ಹಳ್ಳಿಯ ಚಂದ್ರಿಕೆಯ ಮೇಲೆ ಹುಳು ಕಟ್ಟಿದ ಗೂಡು ಆಕಾಶದಿಂದ ಸೈನಿಕನನ್ನು ಇಳಿಸಲು ಹೊರಟಿತು. ಯುದ್ಧ ಮುಗಿದು ಕಡಲು ತೆರೆದದ್ದೇ ಹೊರಗಿನ ರೇಷ್ಮೆ ಮತ್ತೆ ಬಂತು, ಗೂಡಿನ ಬೆಲೆ ಕುಸಿಯಿತು. ಕೇಂದ್ರ ರೇಷ್ಮೆ ಮಂಡಳಿ 1949ರಲ್ಲಿ ಹುಟ್ಟಿದ್ದಕ್ಕೆ ಈ ಏರಿಳಿತವೂ ಹಿನ್ನೆಲೆ. ಚೀನಾ ರೇಷ್ಮೆ ಬಂದರೆ ಗೂಡಿನ ಬೆಲೆ ಬೀಳುತ್ತದೆಂದು ರಾಮನಗರದ ಮಾರುಕಟ್ಟೆಯಲ್ಲಿ ಇಂದಿಗೂ ಕೇಳುವ ದೂರು ಅಜ್ಜನ ಕಾಲದ್ದು.

ಬೆಳ್ಳಂದೂರಿಗೆ ಇಳಿದ ವಿಮಾನ

ಏಟು ತಿಂದದ್ದಷ್ಟೇ ನಮ್ಮ ಪಾಲಲ್ಲ. ಸಿಂಧಿಯಾ ಕಂಪನಿಯನ್ನು ಕಟ್ಟಿದವರಲ್ಲಿ ಒಬ್ಬರಾದ ವಾಲ್‌ಚಂದ್ ಹಿರಾಚಂದ್ 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರುಮಾಡಿದರು. ದಿವಾನ್ ಮಿರ್ಜಾ ಇಸ್ಮಾಯಿಲ್ಲರ ಮೈಸೂರು ಸರ್ಕಾರ ಜಮೀನು ಕೊಟ್ಟಿತು, ಬಂಡವಾಳದಲ್ಲಿ ಪಾಲು ಹಾಕಿತು. ವಾಲ್‌ಚಂದರನ್ನು ಬೆಂಗಳೂರಿಗೆ ಸೆಳೆದ ಸಂಗತಿಗಳಲ್ಲಿ ಇಲ್ಲಿನ ವಿದ್ಯುತ್ತೂ ಒಂದು. ಆ ವಿದ್ಯುತ್ತು ಬರುತ್ತಿದ್ದದ್ದು ಎಲ್ಲಿಂದ? ಮಳವಳ್ಳಿ ತಾಲ್ಲೂಕಿನಿಂದ. 1902ರಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಡುತ್ತಿದ್ದ ಶಿವನಸಮುದ್ರಕ್ಕೆ 1940ರಲ್ಲಿ ಶಿಂಷಾಪುರದ ಕೇಂದ್ರವೂ ಜೊತೆಯಾಯಿತು. ಜೋಗದ ವಿದ್ಯುತ್ತು ಬಂದದ್ದು ಯುದ್ಧವೆಲ್ಲ ಮುಗಿದ ಮೇಲೆ, 1948ರಲ್ಲಿ. ಯುದ್ಧದ ವರ್ಷಗಳಲ್ಲಿ ಬೆಂಗಳೂರಿನ ಕಾರ್ಖಾನೆಗಳ ಯಂತ್ರ ತಿರುಗಿದ್ದು ಮಳವಳ್ಳಿ ಸೀಮೆಯ ಈ ಎರಡು ವಿದ್ಯುತ್ ಕೇಂದ್ರಗಳ ಬಲದಿಂದ. ಅದೇ ಹೊತ್ತಿನಲ್ಲಿ ಪಕ್ಕದ ಹಳ್ಳಿಗಳಲ್ಲಿ ಬುಡ್ಡಿಗೆ ಎಣ್ಣೆಯಿರಲಿಲ್ಲ ಎನ್ನುವುದನ್ನು ಬೇರೆ ಹೇಳಬೇಕೆ?

1943ರಲ್ಲಿ ಆ ಕಾರ್ಖಾನೆ ಅಮೆರಿಕದ ವಾಯುಪಡೆಯ ಆಡಳಿತಕ್ಕೆ ಹೋಗಿ, ಪೂರ್ವ ರಂಗದ ವಿಮಾನಗಳ ದೊಡ್ಡ ದುರಸ್ತಿ ಕೇಂದ್ರವಾಯಿತು. ದುರಸ್ತಿಗೆ ಬಂದವುಗಳಲ್ಲಿ ಕ್ಯಾಟಲಿನಾ ಎಂಬ ನೀರು–ವಿಮಾನಗಳೂ ಇದ್ದವು. ಅವು ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಗೆ. ಹೌದು, ಕೆಲ ವರ್ಷಗಳ ಹಿಂದೆ ನೊರೆಯುಗುಳಿ, ಬೆಂಕಿ ಹತ್ತಿಸಿಕೊಂಡು ಸುದ್ದಿಯಾದ ಅದೇ ಕೆರೆ.

ಕ್ಯಾಟಲಿನಾ ನಿಧಾನದ ವಿಮಾನ, ನೋಡಲೂ ಚೆಂದವಿಲ್ಲ. ಆದರೆ 20 ಗಂಟೆಗೂ ಹೆಚ್ಚು ಹೊತ್ತು ಕಡಲ ಮೇಲೆ ಸುತ್ತಬಲ್ಲದು. ಕರಾಚಿಯ ಕೋರಂಗಿ, ಮದರಾಸಿನ ರೆಡ್‌ಹಿಲ್ಸ್ ಕೆರೆ, ಸಿಂಹಳದ ಕೊಗ್ಗಲ ಇವೆಲ್ಲ ಅದರ ನೆಲೆಗಳು. 1943ರ ಆಗಸ್ಟ್‌ನಲ್ಲಿ ಮಡಗಾಸ್ಕರ್ ಬಳಿ ಯು–197ನ್ನು ಎರಡು ಕ್ಯಾಟಲಿನಾಗಳು ಸೇರಿ ಮುಳುಗಿಸಿದವು. ಅಂಥದ್ದು ಅಪರೂಪ. ಅವುಗಳ ನಿತ್ಯದ ಉಪಯೋಗ ಬೇರೆ: ಆಕಾಶದಲ್ಲಿ ವಿಮಾನ ಕಂಡರೆ ಜಲಾಂತರ್ಗಾಮಿ ಮುಳುಗಲೇಬೇಕು, ಮುಳುಗಿದರೆ ವೇಗ ಹೋಯಿತು, ವೇಗ ಹೋದರೆ ಹೊಗೆ ಕಂಡ ಹಡಗಿನ ಮುಂದಕ್ಕೆ ಬಳಸಿ ಹೋಗಲಾಗದು. ಒಂದೂ ಬಾಂಬು ಹಾಕದೆ ದಿನವಿಡೀ ಸುತ್ತಿ ಮರಳಿದ ವಿಮಾನವೂ ಎರಡು ಹಡಗು ಉಳಿಸಿರಬಹುದು. ಯಾವ ಪದಕದ ಪಟ್ಟಿಯಲ್ಲೂ ಇದು ಬರುವುದಿಲ್ಲ. ಬೆಂಗಳೂರಿನಲ್ಲಿ ಎಂಜಿನ್ ಬಿಚ್ಚಿ ಜೋಡಿಸಿದ ಫಿಟ್ಟರನ ಹೆಸರಂತೂ ಬರುವುದೇ ಇಲ್ಲ.

ಇದಕ್ಕೆ ಬದಲು ಎಲ್ಲರೂ ನೆನಪಿಡುವುದು ಕಾರವಾರದ ನೆರೆಯ ಗೋವಾದ ಕತೆ. 1943ರ ಮಾರ್ಚ್ 9ರ ರಾತ್ರಿ ಕಲ್ಕತ್ತೆಯ ವಯಸ್ಸಾದ ಬಿಳಿಯ ವ್ಯಾಪಾರಿಗಳ ತಂಡವೊಂದು ಪೋರ್ಚುಗೀಸರ ಮುರ್ಮುಗೋವಾ ಬಂದರಿನಲ್ಲಿ ನಿಂತಿದ್ದ ‘ಎರೆನ್‌ಫೆಲ್ಸ್’ ಎಂಬ ಜರ್ಮನ್ ಹಡಗಿಗೆ ನುಗ್ಗಿತು. ಅಲ್ಲಿಂದ ಗುಟ್ಟಾಗಿ ರೇಡಿಯೊ ಸಂದೇಶ ಹೋಗಿ ಜರ್ಮನ್ ಜಲಾಂತರ್ಗಾಮಿಗಳು ಹಡಗು ಹೊಡೆಯುತ್ತಿದ್ದವು ಎಂಬುದು ಕಾರಣ. ಹಡಗಿನವರೇ ಬೆಂಕಿಯಿಟ್ಟು ಅದನ್ನು ಮುಳುಗಿಸಿದರು. 1980ರಲ್ಲಿ ಗ್ರೆಗರಿ ಪೆಕ್, ರೋಜರ್ ಮೂರ್ ನಟಿಸಿದ ‘ದಿ ಸೀ ವುಲ್ವ್ಸ್’ ಚಿತ್ರವೂ ಬಂತು. ಸೊಗಸಾದ ಕತೆ. ನನ್ನ ತಕರಾರು ಇಷ್ಟೇ: ಜರ್ಮನ್ ನೌಕೆಗಳು ಅರಬ್ಬೀ ಸಮುದ್ರಕ್ಕೆ ದಂಡಾಗಿ ಬಂದದ್ದು ಆ ಸೆಪ್ಟೆಂಬರಿನಲ್ಲಿ. ಮಾರ್ಚಿನಲ್ಲಿ ಅವು ದಕ್ಷಿಣ ಆಫ್ರಿಕಾದ ಸುತ್ತಮುತ್ತ ಇದ್ದವು. ಗೋವಾದ ರೇಡಿಯೊ ನಿಂತದ್ದರಿಂದಲೇ ಬೇಟೆ ನಿಂತಿತು ಎನ್ನಲು ತಾರೀಖುಗಳು ಒಪ್ಪುವುದಿಲ್ಲ. ಆಗ ಇಲ್ಲಿದ್ದ ಜಪಾನೀಯರಿಗೆ ಹಡಗು ಹುಡುಕಲು ಮಿನಿಕಾಯ್ ದಾರಿ ಗೊತ್ತಿದ್ದರೆ ಸಾಕಾಗಿತ್ತು.

ಯಾವುದಕ್ಕೆ ಲೆಕ್ಕ ಇಡುತ್ತೇವೆ ಎಂದು ನೋಡಲು ತಿಲಾವಾಕ್ಕೇ ಮರಳಬೇಕು. ಅದರ ಜೊತೆ ಸರಕೊಂದೂ ಮುಳುಗಿತ್ತು: ನಾಣ್ಯ ಮಾಡಲೆಂದು ದಕ್ಷಿಣ ಆಫ್ರಿಕಾ ಸರ್ಕಾರ ಕೊಂಡಿದ್ದ ಎರಡು ಸಾವಿರಕ್ಕೂ ಹೆಚ್ಚು ಬೆಳ್ಳಿ ಗಟ್ಟಿ. 2017ರಲ್ಲಿ ಖಾಸಗಿ ಕಂಪನಿಯೊಂದು ಎರಡೂವರೆ ಕಿಲೋಮೀಟರ್ ಆಳದಿಂದ ಅದನ್ನು ಎತ್ತಿ ಇಂಗ್ಲೆಂಡಿಗೆ ಒಯ್ದಿತು. ಬೆಳ್ಳಿ ಯಾರದೆಂಬ ವ್ಯಾಜ್ಯ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೆ ಹೋಗಿ 2024ರ ಮೇ ತಿಂಗಳಲ್ಲಿ ದಕ್ಷಿಣ ಆಫ್ರಿಕಾದ ಪರ ತೀರ್ಪು ಬಂತು. ಪ್ರತಿ ಗಟ್ಟಿಗೂ ಲೆಕ್ಕವಿತ್ತು.

ಮನುಷ್ಯರ ಲೆಕ್ಕವೂ ಇದೆ, ಹುಡುಕುವವರು ಬೇಕು. ಬ್ರಿಟಿಷ್ ಬಾವುಟದ ಹಡಗುಗಳಲ್ಲಿ ದುಡಿಯುತ್ತಿದ್ದ ಭಾರತೀಯ ಖಲಾಸಿಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಮಂದಿ ಆ ಯುದ್ಧದಲ್ಲಿ ಸತ್ತರು. ರತ್ನಾಗಿರಿಯವರು ಹಡಗಿನ ಮೇಲ್ಕಟ್ಟಿನಲ್ಲಿ, ಗೋವಾದವರು ಅಡುಗೆ–ಬಡಿಸುವ ಕೆಲಸದಲ್ಲಿ, ಸಿಲ್ಹೆಟ್ ಮತ್ತು ಪಂಜಾಬಿನವರು ಬಾಯ್ಲರ್ ಮುಂದೆ. ಟಾರ್ಪೆಡೊ ಸಾಮಾನ್ಯವಾಗಿ ಬಡಿಯುತ್ತಿದ್ದದ್ದು ಬಾಯ್ಲರ್ ಕೋಣೆಗೋ ಎಂಜಿನ್ ಕೋಣೆಗೋ; ಯಾರು ಮೊದಲು ಸಾಯುತ್ತಿದ್ದರೆಂದು ಊಹಿಸಬಹುದು. ಅವರಿಗೆ ಕಲ್ಲಿನ ಸ್ಮಾರಕವಿಲ್ಲ, ಪುಸ್ತಕವಿದೆ. ಹೆಸರುಗಳ ಆ ದಪ್ಪ ಪುಸ್ತಕದ ಒಂದು ಪ್ರತಿ ಮುಂಬೈಯ ಮಸೀದಿ ಬಂದರ್ ಬಳಿಯ ಇಂಡಿಯನ್ ಸೇಲರ್ಸ್ ಹೋಮ್‌ನಲ್ಲಿ, ಇನ್ನೊಂದು ಚಿತ್ತಗಾಂಗ್‌ನಲ್ಲಿ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಅವೇ ಹೆಸರುಗಳನ್ನು ಮನೆಯಲ್ಲಿ ಕೂತೂ ಹುಡುಕಬಹುದು. ಯುದ್ಧಕಾಲದಲ್ಲಿ ‘ಮುಂಬೈಗೆ ಹೋಗಿ ಹಡಗು ಸೇರಿದ, ಆಮೇಲೆ ಸುದ್ದಿಯಿಲ್ಲ’ ಎಂಬ ಅಜ್ಜನೋ ಚಿಕ್ಕಪ್ಪನೋ ಕರಾವಳಿಯ ಮನೆಗಳಲ್ಲಿ ಇದ್ದರೆ ಮೊದಲು ನೋಡಬೇಕಾದ ಜಾಗ ಅದು.